ಯಾರೂ ನೆನೆಸದ ಜಾಗಕ್ಕೆ ಥೀಮ್ ಪಾರ್ಕ್ ಬರಬಾರದೇಕೆ?

ಮಾನ್ಯ ಸಂಪಾದಕರೇ,

ಮುಂದಿನ ದೊಡ್ಡ ಥೀಮ್ ಪಾರ್ಕ್ ಎಲ್ಲಿ ತೆರೆಯಬಹುದು ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಓದಿದೆ. ಹೆಚ್ಚಿನವರದು ಒಂದೇ ಮಾತು. ಹೆಸರೇ ಕೇಳದ ಊರು, ನೋಡಲು ಏನೂ ಇಲ್ಲ, ಅಲ್ಲಿಗೆ ಯಾರು ಹೋಗ್ತಾರೆ, ಇದೆಲ್ಲ ಸುಮ್ನೆ ಗಾಳಿಸುದ್ದಿ ಅಂತ. ಸುದ್ದಿ ಸುಳ್ಳೇ ಇರಬಹುದು. ಆದರೆ ಅದನ್ನು ಸುಳ್ಳು ಎನ್ನಲು ಇವರು ಕೊಡುವ ಕಾರಣ ನಿಲ್ಲುವುದಿಲ್ಲ. ಜಗತ್ತಿನ ದೊಡ್ಡ ಪಾರ್ಕ್‌ಗಳಲ್ಲಿ ಎಷ್ಟೋ ಬಂದಿರುವುದು ಯಾರೂ ನೆನೆಸದ ಜಾಗಗಳಿಗೇ. ಎಲ್ಲರೂ ಬಂದೇ ಬರುತ್ತದೆ ಎಂದುಕೊಂಡ ಕಡೆ ಬಾರದೇ ಹೋಗಿರುವುದೂ ಉಂಟು.

ನಾನು ಸಿವಿಲ್ ಇಂಜಿನಿಯರ್. ರಸ್ತೆ, ಮಳೆನೀರಿನ ಚರಂಡಿ, ಪಾರ್ಕಿಂಗ್ ಜಾಗ, ಇವುಗಳ ನಕ್ಷೆ ಮಾಡಿಕೊಂಡೇ ಕೆಲಸದಿಂದ ನಿವೃತ್ತಳಾದವಳು. ರೈಡ್‌ಗಳ ಮೇಲಿನ ಪ್ರೀತಿ ನನ್ನ ಮೊಮ್ಮಗಳದು. ಎಲ್ಲಿ ಹೊಸ ರೋಲರ್ ಕೋಸ್ಟರ್ ಬರುತ್ತಿದೆ, ಎಷ್ಟು ಎತ್ತರ, ಎಷ್ಟು ಸಲ ತಲೆಕೆಳಗು ಮಾಡುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಒಂದು ಪುಕಾರು ಎದ್ದರೆ ಸಾಕು, ಫೋನ್ ಹಿಡಿದು ಬರುತ್ತಾಳೆ. ಅಜ್ಜಿ, ಇಲ್ಲಿ ಬರುತ್ತಂತೆ, ನಿಜ ಅಲ್ವಾ ಅಂತಾಳೆ. ನಾನು ಭೂಪಟ ತೆರೆಯುತ್ತೇನೆ. ನೀರು ಯಾವ ಕಡೆಗೆ ಹರಿಯುತ್ತದೆ, ಹೆದ್ದಾರಿ ಎಷ್ಟು ದೂರ, ರೈಲು ಹಳಿ ಎಲ್ಲಿದೆ, ಜಮೀನು ಒಂದೇ ಹಾಸೋ ತುಂಡು ತುಂಡೋ ಎಂದು ನೋಡುತ್ತೇನೆ. ಪಾರ್ಕ್ ಕಟ್ಟುವವರೂ ಮೊದಲು ನೋಡುವುದು ಇವನ್ನೇ. ಊರಿನ ಹೆಸರು ಎಷ್ಟು ಜನಕ್ಕೆ ಗೊತ್ತು ಎನ್ನುವುದು ಅವರ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ.

1953ರಲ್ಲಿ ವಾಲ್ಟ್ ಡಿಸ್ನಿ ತಮ್ಮ ಮೊದಲ ಪಾರ್ಕಿಗೆ ಜಾಗ ಹುಡುಕಲು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೇಳಿದರು. ಆ ಕೆಲಸ ಮಾಡಿದವರು ಹ್ಯಾರಿಸನ್ ಪ್ರೈಸ್. ಅವರು ಸಮುದ್ರ ತೀರ ಚೆಂದ, ಬೆಟ್ಟ ಚೆಂದ ಎಂದು ಹೊರಡಲಿಲ್ಲ. ಲಾಸ್ ಏಂಜಲೀಸ್ ಸುತ್ತಲಿನ ಜನವಸತಿ ಯಾವ ದಿಕ್ಕಿಗೆ ಬೆಳೆಯುತ್ತಿದೆ, ಹೊಸ ಹೆದ್ದಾರಿ ಎಲ್ಲಿ ಹಾದುಹೋಗುತ್ತದೆ, ಮಳೆ ಎಷ್ಟು, ಬಿಸಿಲು ಎಷ್ಟು ಎಂದು ಲೆಕ್ಕ ಹಾಕಿದರು. ಆ ಲೆಕ್ಕ ಅವರನ್ನು ತಂದು ನಿಲ್ಲಿಸಿದ್ದು ಅನಾಹೈಮ್ ಎಂಬ ಚಿಕ್ಕ ಊರಿನ ಕಿತ್ತಳೆ ತೋಟಗಳ ಮುಂದೆ. ಸುಮಾರು 160 ಎಕರೆ ಜಾಗ. 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಅಲ್ಲೇ ತೆರೆಯಿತು. ಕಿತ್ತಳೆ ತೋಟದಲ್ಲಿ ಕೋಟೆ ನೋಡಲು ಯಾರು ಬರ್ತಾರೆ ಎಂದು ಅಂದು ಕೇಳಿದವರೂ ಇದ್ದಿರಲೇಬೇಕು.

ಎರಡನೆಯ ಪಾರ್ಕಿನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಬರಹಕ್ಕೂ ಅದಕ್ಕೂ ನೇರ ಸಂಬಂಧವಿದೆ. 1963ರ ನವೆಂಬರ್‌ನಲ್ಲಿ ಡಿಸ್ನಿ ವಿಮಾನದಲ್ಲಿ ಕುಳಿತು ಫ್ಲಾರಿಡಾದ ಮೇಲೆ ಹಾರಿದರು. ಸಮುದ್ರದಿಂದ ದೂರ, ಒರ್ಲ್ಯಾಂಡೊ ಊರಿನ ಹತ್ತಿರ, ಕೆಳಗೆ ಎರಡು ದೊಡ್ಡ ಹೆದ್ದಾರಿಗಳು ಒಂದನ್ನೊಂದು ದಾಟುವ ಜಾಗ ಕಂಡಿತು. ಸುತ್ತ ಜೌಗು, ಪೊದೆ, ದನ ಮೇಯುವ ಬಯಲು. ಬೇರೆಯವರಿಗೆ ಅದು ಕೆಲಸಕ್ಕೆ ಬಾರದ ನೆಲ. ಅವರಿಗೆ ಬೇಕಾದದ್ದು ಅದೇ ಆಗಿತ್ತು. ಅನಾಹೈಮ್‌ನಲ್ಲಿ ಪಾರ್ಕಿನ ಗೋಡೆಗೆ ಅಂಟಿಕೊಂಡೇ ಬೇರೆಯವರ ಹೋಟೆಲ್‌ಗಳು ಎದ್ದು ನಿಂತಿದ್ದವು. ಹಾಗಾಗಿ ಈ ಸಲ ಸುತ್ತಲಿನ ನೆಲವೆಲ್ಲ ತಮ್ಮದೇ ಕೈಯಲ್ಲಿರಬೇಕು ಎಂದು ಅವರು ತೀರ್ಮಾನಿಸಿದ್ದರು.

ಜಮೀನು ಕೊಂಡದ್ದು ಡಿಸ್ನಿ ಹೆಸರಿನಲ್ಲಲ್ಲ. ರೀಡಿ ಕ್ರೀಕ್ ರ್‍ಯಾಂಚ್, ಲ್ಯಾಟಿನ್ ಅಮೆರಿಕನ್ ಡೆವಲಪ್‌ಮೆಂಟ್ ಅಂಡ್ ಮ್ಯಾನೇಜ್‌ಮೆಂಟ್ ಎಂಬಂಥ ಹೆಸರಿನ, ಯಾರಿಗೂ ಸುಳಿವು ಸಿಗದ ಕಂಪನಿಗಳ ಮೂಲಕ ಒಂದೊಂದೇ ತುಂಡು ಕೊಂಡರು. ಒಟ್ಟು 27,000 ಎಕರೆಗೂ ಜಾಸ್ತಿ. ಕೊಟ್ಟ ಹಣ ಸುಮಾರು 50 ಲಕ್ಷ ಡಾಲರ್. ಅಂದರೆ ಎಕರೆಗೆ ಸರಾಸರಿ 200 ಡಾಲರ್ ಕೂಡ ಬೀಳಲಿಲ್ಲ. ಬಹಳಷ್ಟು ಜಮೀನಿನ ಕೆಳಗಿನ ಖನಿಜದ ಹಕ್ಕು ಟಫ್ಟ್ಸ್ ವಿಶ್ವವಿದ್ಯಾಲಯದ ಬಳಿ ಇತ್ತು. ಅದನ್ನೂ ಬೇರೆಯಾಗಿ ಕೊಂಡರು. ನೆಲದ ಮೇಲೆ ಕೋಟೆ ಕಟ್ಟಿದ ಮೇಲೆ ಯಾರೋ ಬಂದು ಅಡಿಯಲ್ಲಿ ತೋಡುತ್ತೇವೆ ಎನ್ನಬಾರದಲ್ಲ.

ಊರಿನಲ್ಲಿ ಊಹೆಗಳಿಗೆ ಕಡಿಮೆ ಇರಲಿಲ್ಲ. ವಿಮಾನ ಮಾಡುವ ಕಂಪನಿ ಬರುತ್ತಿದೆ ಎಂದು ಕೆಲವರು, ಕಾರು ಕಂಪನಿ ಎಂದು ಕೆಲವರು. ರಾಕೆಟ್ ಹಾರಿಸುವ ಕೇಪ್ ಕೆನವೆರಲ್ ಆ ಕಡೆಯೇ ಇದ್ದುದರಿಂದ ಅದೂ ಸಹಜವೇ. ಗುಟ್ಟು ಒಡೆದವರು ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆಯ ವರದಿಗಾರ್ತಿ ಎಮಿಲಿ ಬಾವರ್. ಡಿಸ್ನಿಲ್ಯಾಂಡಿಗೆ ಹತ್ತು ವರ್ಷ ತುಂಬಿದಾಗ ಪತ್ರಕರ್ತರನ್ನು ಅಲ್ಲಿಗೆ ಕರೆಸಿದ್ದರು. ಆಕೆ ವಾಲ್ಟ್ ಡಿಸ್ನಿಯವರನ್ನೇ ನೇರವಾಗಿ ಕೇಳಿದರು. ಅವರು ಹೌದು ಎನ್ನಲಿಲ್ಲ. ಫ್ಲಾರಿಡಾ ಯಾಕೆ ಸರಿಹೋಗುವುದಿಲ್ಲ ಎಂದು ವಿವರಿಸಲು ಹೊರಟರು. ಆದರೆ ಅಲ್ಲಿಯ ಮಳೆ, ಪ್ರವಾಸಿಗರ ಓಡಾಟ, ಎಲ್ಲವನ್ನೂ ಅರೆದು ಕುಡಿದವರ ಹಾಗೆ ಮಾತಾಡಿದರು. ಆ ಜಾಗ ಬೇಡ ಎನ್ನುವವರಿಗೆ ಅದರ ಬಗ್ಗೆ ಇಷ್ಟೆಲ್ಲ ಗೊತ್ತಿರುವುದಿಲ್ಲ ಎಂದು ಆಕೆಗೆ ಹೊಳೆಯಿತು. 1965ರ ಅಕ್ಟೋಬರ್‌ನಲ್ಲಿ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿತು. ಮುಂದಿನ ತಿಂಗಳು ಡಿಸ್ನಿಯವರೇ ಒಪ್ಪಿಕೊಂಡರು. ಅಲ್ಲಿಂದ ಜಮೀನಿನ ಬೆಲೆ ಆಕಾಶಕ್ಕೆ ಹಾರಿತು. ಆದರೆ ಆ ಹೊತ್ತಿಗೆ ಡಿಸ್ನಿಗೆ ಬೇಕಾದ ಜಮೀನು ಬಹುತೇಕ ಕೈಸೇರಿತ್ತು. ಲಾಭ ಸಿಕ್ಕಿದ್ದು ಇನ್ನೂ ಮಾರದೆ ಉಳಿದವರಿಗೆ. ಮೊದಲೇ ಮಾರಿದವರಿಗೆ ಸಿಕ್ಕಿದ್ದು ಜೌಗು ನೆಲದ ಬೆಲೆ.

ಒಬ್ಬ ವರದಿಗಾರ್ತಿ ನೇರ ಪ್ರಶ್ನೆ ಕೇಳಿದ್ದರಿಂದ ಇಷ್ಟಾಯಿತು. ಅದೇ ಪ್ರಶ್ನೆ ಎರಡು ವರ್ಷ ಮೊದಲು ಬಂದಿದ್ದರೆ ಎಷ್ಟು ಮನೆಗಳ ಲೆಕ್ಕ ಬೇರೆಯಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಅಲ್ಲಿಯ ಇಂಜಿನಿಯರಿಂಗ್ ಕೂಡ ಹೇಳಲೇಬೇಕು. ಅದು ನನ್ನ ವಿಷಯ. ಆ ನೆಲದಲ್ಲಿ ಸ್ವಲ್ಪ ಅಗೆದರೆ ನೀರು. ನೆಲಮಾಳಿಗೆ ಕಟ್ಟುವ ಹಾಗಿಲ್ಲ. ಕೆಲಸಗಾರರು, ಸಾಮಾನು, ಕಸ, ಇವೆಲ್ಲ ಜನರ ಕಣ್ಣಿಗೆ ಬೀಳದೆ ಓಡಾಡಲು ಸುರಂಗ ಬೇಕಿತ್ತು. ಏನು ಮಾಡಿದರು? ಸುರಂಗವನ್ನು ನೆಲದ ಮಟ್ಟದಲ್ಲೇ ಕಟ್ಟಿದರು. ಪಕ್ಕದಲ್ಲಿ ದೊಡ್ಡ ಕೆರೆ ತೋಡಿ, ಆ ಮಣ್ಣನ್ನು ತಂದು ಸುತ್ತ ತುಂಬಿದರು. ಪಾರ್ಕನ್ನು ಅದರ ಮೇಲೆ ನಿಲ್ಲಿಸಿದರು. ಬಂದವರು ನೆಲದ ಮೇಲೆ ನಡೆಯುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನಿಜಕ್ಕೂ ನಡೆಯುತ್ತಿರುವುದು ಮೊದಲ ಮಹಡಿಯಲ್ಲಿ. 1971ರ ಅಕ್ಟೋಬರ್ 1ರಂದು ಆ ಪಾರ್ಕ್ ತೆರೆಯಿತು. ಕಾಲುವೆ, ಕಟ್ಟೆ, ತೂಬುಗಳ ದೊಡ್ಡ ಜಾಲವೇ ಇಲ್ಲದಿದ್ದರೆ ಮೊದಲ ಜೋರು ಮಳೆಗೇ ಅದು ಮುಳುಗುತ್ತಿತ್ತು. ನೆಲ ಕೆಟ್ಟದ್ದು ಅನ್ನುವುದು ಕೂಡ ಪಾರ್ಕ್ ಬಾರದಿರಲು ಕಾರಣವಾಗುವುದಿಲ್ಲ. ಅದಕ್ಕೆ ಎಷ್ಟು ಖರ್ಚಾಗುತ್ತದೆ, ಕೊಡುವವರು ಯಾರು, ಅಷ್ಟೇ ಪ್ರಶ್ನೆ.

ಈಗ ಇತ್ತೀಚಿನದಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ದೊಡ್ಡ ಥೀಮ್ ಪಾರ್ಕ್ ಬರುತ್ತದೆ ಎಂದರೆ ಹತ್ತು ವರ್ಷ ಎಲ್ಲರೂ ಬೆರಳು ತೋರಿಸುತ್ತಿದ್ದುದು ಸ್ವಾನ್ಸ್‌ಕೂಂಬ್ ಕಡೆಗೆ. ಲಂಡನ್ ಪಕ್ಕದಲ್ಲೇ, ಥೇಮ್ಸ್ ನದಿಯ ದಡ. ಹತ್ತಿರದ ನಿಲ್ದಾಣದಿಂದ ವೇಗದ ರೈಲು ಹತ್ತಿದರೆ ಇಪ್ಪತ್ತು ನಿಮಿಷದ ಒಳಗೆ ಲಂಡನ್. ಲಂಡನ್ ರೆಸಾರ್ಟ್ ಎಂದು ಹೆಸರಾದ ಆ ಯೋಜನೆ 2012ರಲ್ಲಿ ಹೊರಬಿತ್ತು. ಇದಕ್ಕಿಂತ ಸಹಜವಾದ ಜಾಗ ಯಾವುದಿದೆ ಅನ್ನಿಸುವ ಹಾಗಿತ್ತು. ಆದರೆ ಜಮೀನು ಹಲವರ ಕೈಯಲ್ಲಿತ್ತು. ಅಲ್ಲಿ ಸಣ್ಣಪುಟ್ಟ ಉದ್ಯಮಗಳಿದ್ದವು. ಎಬ್ಬಿಸುತ್ತಾರೋ ಇಲ್ಲವೋ ಗೊತ್ತಿಲ್ಲದೆ ಅವರು ವರ್ಷಗಟ್ಟಲೆ ಕಾಯಬೇಕಾಯಿತು. ಹಳೆಯ ಸಿಮೆಂಟ್ ಕಾರ್ಖಾನೆ ಬಿಟ್ಟುಹೋದ ಆ ನೆಲದಲ್ಲಿ ಅಪರೂಪದ ಜಿಗಿಯುವ ಜೇಡವೊಂದು ಬದುಕಿತ್ತು, ಬೇರೆ ಹುಳುಹುಪ್ಪಟೆ, ಹಕ್ಕಿಗಳೂ ಇದ್ದವು. 2021ರಲ್ಲಿ ಅದನ್ನು ಕಾಪಾಡಬೇಕಾದ ಪ್ರದೇಶ ಎಂದು ಘೋಷಿಸಿದರು. 2022ರಲ್ಲಿ ಕಂಪನಿ ತನ್ನ ಅರ್ಜಿ ವಾಪಸ್ ಪಡೆಯಿತು. ಒಂದು ಇಟ್ಟಿಗೆಯೂ ಏಳಲಿಲ್ಲ.

ಅಷ್ಟರಲ್ಲಿ ಬೆಡ್‌ಫರ್ಡ್ ಹತ್ತಿರದ ಕೆಂಪ್‌ಸ್ಟನ್ ಹಾರ್ಡ್‌ವಿಕ್ ಎಂಬ ಕಡೆ ಇನ್ನೇನೋ ನಡೆಯುತ್ತಿತ್ತು. ಹಳೆಯ ಇಟ್ಟಿಗೆ ಕಾರ್ಖಾನೆಯ ಜಾಗ. ಜೇಡಿಮಣ್ಣು ತೆಗೆದು ತೆಗೆದು ಹೊಂಡ ಬಿದ್ದ ನೆಲ. ಪ್ರವಾಸಿ ಕೈಪಿಡಿಗಳು ಅದರ ಹೆಸರೂ ಎತ್ತುವುದಿಲ್ಲ. ಥೀಮ್ ಪಾರ್ಕ್ ನಡೆಸುವ ಯುನಿವರ್ಸಲ್ ಕಂಪನಿ ಅಲ್ಲಿ ಸದ್ದಿಲ್ಲದೆ ಜಮೀನು ಕೊಂಡಿತು. 2023ರ ಕೊನೆಗೆ ಅದು ಹೊರಗೆ ಬಂದಾಗ ಅಲ್ಲಾ, ಬೆಡ್‌ಫರ್ಡ್‌ನಲ್ಲಾ ಎಂದು ಜನ ಹುಬ್ಬೇರಿಸಿದರು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರವೇ ಅದನ್ನು ಖಚಿತಪಡಿಸಿತು. 476 ಎಕರೆ ಜಾಗ. 2031ಕ್ಕೆ ತೆರೆಯುವ ಗುರಿ. ಮೊದಲ ವರ್ಷವೇ 85 ಲಕ್ಷ ಜನ ಬರುತ್ತಾರೆಂದು ಅಂದಾಜು.

ಭೂಪಟ ತೆರೆದು ನೋಡಿ, ಆಶ್ಚರ್ಯ ಉಳಿಯುವುದಿಲ್ಲ. ಪಕ್ಕದಲ್ಲೇ ಲಂಡನ್‌ಗೆ ಹೋಗುವ ಮುಖ್ಯ ರೈಲು ಮಾರ್ಗ. ಅಗಲವಾದ ರಸ್ತೆ ಜಾಗದ ಅಂಚಿಗೇ ಇದೆ. ಲೂಟನ್ ವಿಮಾನ ನಿಲ್ದಾಣ ದೂರವಿಲ್ಲ. ಜಮೀನು ಮೊದಲೇ ಕೊಂಡವರ ಕೈಯಲ್ಲಿತ್ತು. ಯಾರನ್ನೂ ಗುಂಪುಗುಂಪಾಗಿ ಎಬ್ಬಿಸುವ ಅಗತ್ಯವಿರಲಿಲ್ಲ. ಇಷ್ಟು ಇದ್ದ ಮೇಲೆ ಊರಿನ ಹೆಸರು ಪ್ರಸಿದ್ಧವೋ ಅಲ್ಲವೋ ಯಾರಿಗೆ ಬೇಕು?

ಇಂಥವು ಇನ್ನೂ ಇವೆ. ಜರ್ಮನಿಯ ರುಸ್ಟ್ ಒಂದು ಹಳ್ಳಿ. ಕೆಲವೇ ಸಾವಿರ ಜನ. ರೈಡ್ ಯಂತ್ರಗಳನ್ನು ಮಾಡುವ ಮಾಕ್ ಕುಟುಂಬ ತನ್ನ ಯಂತ್ರಗಳನ್ನು ಗಿರಾಕಿಗಳಿಗೆ ತೋರಿಸಲು 1975ರಲ್ಲಿ ಅಲ್ಲಿ ಯುರೋಪಾ ಪಾರ್ಕ್ ತೆರೆಯಿತು. ಈಗ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಡೆನ್ಮಾರ್ಕಿನ ಬಿಲ್ಲುಂಡ್ ಕೂಡ ಹಾಗೆಯೇ. ಲೆಗೊ ಕಾರ್ಖಾನೆ ನೋಡಲು ಜನ ತಾವಾಗಿ ಬರತೊಡಗಿದರು, ಕೆಲಸಕ್ಕೆ ತೊಂದರೆಯಾಗತೊಡಗಿತು. ಅವರಿಗೆಂದೇ 1968ರಲ್ಲಿ ಹೊರಗೆ ಒಂದು ಪಾರ್ಕ್ ಮಾಡಿದರು. ಮೊದಲ ಋತುವಿನಲ್ಲೇ ಆರು ಲಕ್ಷಕ್ಕೂ ಜಾಸ್ತಿ ಜನ ಬಂದರು. ಆ ಸಣ್ಣ ಊರಿಗೆ ಅಷ್ಟರಲ್ಲೇ ಒಂದು ವಿಮಾನ ನಿಲ್ದಾಣವೂ ಆಗಿತ್ತು, ಅದೂ ಲೆಗೊದವರ ಓಡಾಟಕ್ಕೆಂದು ಶುರುವಾದದ್ದೇ. ರುಮೇನಿಯದ ತುರ್ದಾದಲ್ಲಿ ಹಳೆಯ ಉಪ್ಪಿನ ಗಣಿಯೊಳಗೆ, ನೆಲದಿಂದ ಎಷ್ಟೋ ಆಳದಲ್ಲಿ, ದೈತ್ಯಚಕ್ರ ತಿರುಗುತ್ತದೆ, ದೋಣಿಯೂ ಇದೆ.

ಕಾಲ್ಕಾರ್ ಊರಿನದು ಎಲ್ಲಕ್ಕಿಂತ ವಿಚಿತ್ರ. ಜರ್ಮನಿಯಲ್ಲಿ ರೈನ್ ನದಿ ದಡದಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಿದರು. 1973ರಲ್ಲಿ ಕೆಲಸ ಶುರು, 1985ರ ಹೊತ್ತಿಗೆ ಕಟ್ಟಡ ಪೂರ್ತಿ. ವಿರೋಧ ಜೋರಾಗಿತ್ತು. ಅದು ಒಂದು ದಿನವೂ ವಿದ್ಯುತ್ ಕೊಡಲಿಲ್ಲ. 1991ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಆಮೇಲೆ ನೆದರ್ಲ್ಯಾಂಡ್ಸಿನ ಒಬ್ಬ ಉದ್ಯಮಿ ಅದನ್ನು ಕೊಂಡು ಮೋಜಿನ ಪಾರ್ಕ್ ಮಾಡಿದರು. ಸ್ಥಾವರದ ಬಿಸಿ ಆರಿಸಲೆಂದು ಕಟ್ಟಿದ್ದ ತಂಪುಗೋಪುರದ ಒಳಗೆ ಸರಪಳಿ ಉಯ್ಯಾಲೆ ಇದೆ. ಅದರ ಹೊರಗೋಡೆಗೆ ಬೆಟ್ಟದ ಚಿತ್ರ ಬಳಿದಿದ್ದಾರೆ. ಇಂಥ ಕಡೆಯೂ ಮಕ್ಕಳು ನಗುತ್ತಾ ತಿರುಗುತ್ತಿರುವಾಗ, ಯಾವುದೋ ಜಾಗದ ಹೆಸರು ಕೇಳಿ ಸಾಧ್ಯವೇ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕೇಳಬೇಕಾದ್ದು ಏನು? ಮೊದಲನೆಯದು ರಸ್ತೆ. ಇದಕ್ಕೆ ಯಾರು ಬೇಕಾದರೂ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಒಂದು ದಿನಕ್ಕೆ 30,000 ಜನ ಎಂದಿಟ್ಟುಕೊಳ್ಳಿ. ಇದು ಅತಿ ಅಲ್ಲ. ವರ್ಷಕ್ಕೆ 85 ಲಕ್ಷ ಎಂದರೆ ವರ್ಷವಿಡೀ ಬಾಗಿಲು ತೆರೆದಿದ್ದರೂ ದಿನಕ್ಕೆ ಸರಾಸರಿ 23,000 ದಾಟುತ್ತದೆ, ರಜೆ ದಿನಗಳಲ್ಲಿ ಇನ್ನೂ ಎಷ್ಟೋ ಜಾಸ್ತಿ. ಎಲ್ಲರೂ ಕಾರಿನಲ್ಲಿ ಬಂದರು, ಕಾರಿಗೆ ಮೂವರು ಎಂದರೆ 10,000 ಕಾರು. ಒಂದು ಕಾರು ನಿಲ್ಲಲು, ತಿರುಗಲು ಸೇರಿ ಸುಮಾರು 25 ಚದರ ಮೀಟರ್ ಹಿಡಿಯಿರಿ. ಒಟ್ಟು 25 ಹೆಕ್ಟೇರ್, ಅಂದರೆ 60 ಎಕರೆಗೂ ಮೇಲೆ. ಒಂದೇ ಒಂದು ರೈಡ್ ಇಡುವ ಮೊದಲೇ ಬರೀ ಪಾರ್ಕಿಂಗ್‌ಗೆ ಇಷ್ಟು. ಅಷ್ಟೂ ನೆಲಕ್ಕೆ ಡಾಂಬರು ಬಿದ್ದರೆ ಮಳೆನೀರು ಇಂಗುವುದಿಲ್ಲ. ಅದು ಪಕ್ಕದ ಹೊಲಕ್ಕೋ ಹಳ್ಳಕ್ಕೋ ನುಗ್ಗಲೇಬೇಕು.

ಇನ್ನು ಬರುವ ಹೊತ್ತು. ಪಾರ್ಕಿಗೆ ಜನ ದಿನವಿಡೀ ಸಮನಾಗಿ ಬರುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲರೂ ಬರುತ್ತಾರೆ. ಅರ್ಧ ಕಾರುಗಳು ಬೆಳಗಿನ ಎರಡು ಗಂಟೆಯಲ್ಲಿ ಬಂದರೆ ಗಂಟೆಗೆ 2,500. ಸಿಗ್ನಲ್ ಇಲ್ಲದ ಒಳ್ಳೆಯ ಹೆದ್ದಾರಿಯ ಒಂದು ಸಾಲಿನಲ್ಲಿ ಗಂಟೆಗೆ ಹೆಚ್ಚೆಂದರೆ 2,000 ಚಿಲ್ಲರೆ ವಾಹನ ಹೋಗಬಹುದು. ಸಿಗ್ನಲ್ ಇದ್ದರೆ ಅದರ ಅರ್ಧವೂ ಕಷ್ಟ. ಎದುರುಬದುರು ಒಂದೊಂದೇ ಸಾಲಿರುವ ರಸ್ತೆಯ ಕೊನೆಗೆ ಪಾರ್ಕ್ ಬರುತ್ತದೆ ಎಂದು ಸುದ್ದಿ ಬಂದರೆ, ಆ ರಸ್ತೆ ಯಾವಾಗ ಅಗಲವಾಗುತ್ತದೆ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಸುದ್ದಿಯಲ್ಲಿ ಹುರುಳಿಲ್ಲ. ಈ ಒಂದು ಪ್ರಶ್ನೆಗೇ ಅರ್ಧಕ್ಕರ್ಧ ಪುಕಾರು ಉದುರಿಹೋಗುತ್ತವೆ ಎಂಬುದು ನನ್ನ ಅನಿಸಿಕೆ.

ಎರಡನೆಯದು ನೆಲ. ಟೋಕಿಯೊ ಡಿಸ್ನಿಲ್ಯಾಂಡ್ ಇರುವುದು ಉರಯಾಸು ಎಂಬಲ್ಲಿ. ಅದು ಮೀನುಗಾರರ ಊರಾಗಿತ್ತು. ಸಮುದ್ರ ತುಂಬಿಸಿ ನೆಲ ಮಾಡಿದರು, ಮೀನುಗಾರರು ತಮ್ಮ ಹಕ್ಕು ಬಿಟ್ಟುಕೊಟ್ಟರು. 1983ರಲ್ಲಿ ಪಾರ್ಕ್ ತೆರೆಯಿತು. 2011ರ ಮಾರ್ಚ್ ಭೂಕಂಪದಲ್ಲಿ ಉರಯಾಸುವಿನ ತುಂಬಿಸಿದ ನೆಲ ಬಹಳ ಕಡೆ ನೀರಿನಂತಾಯಿತು. ಮನೆಗಳು ವಾಲಿದವು, ಪೈಪುಗಳು ಒಡೆದವು, ರಸ್ತೆಯ ಮೇಲೆ ಕೆಸರು ಉಕ್ಕಿತು. ಪಾರ್ಕಿನ ಒಳಗೆ ಕಟ್ಟಡಗಳಿಗೆ ದೊಡ್ಡ ಹಾನಿಯಾಗಲಿಲ್ಲ. ಕಟ್ಟುವ ಮೊದಲೇ ಅಲ್ಲಿ ನೆಲದೊಳಗೆ ಮರಳು ಗಿಡಿದು ಗಟ್ಟಿ ಮಾಡಿದ್ದರು. ಹಾಗೆ ಮಾಡದ ಪಾರ್ಕಿಂಗ್ ಜಾಗದಲ್ಲಿ ಮಾತ್ರ ನೆಲ ಕುಸಿಯಿತು. ಒಂದೇ ಊರು, ಒಂದೇ ಮಣ್ಣು. ಯಾರ ಕಾಲ ಕೆಳಗಿನ ನೆಲಕ್ಕೆ ಹಣ ಹಾಕಿದ್ದರು ಎಂಬುದಷ್ಟೇ ವ್ಯತ್ಯಾಸ. ಇದನ್ನು ಓದಿದಾಗ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಹಾಂಗ್‌ಕಾಂಗ್‌ನಲ್ಲಿ ಡಿಸ್ನಿ ಪಾರ್ಕಿಗೆಂದು ಆರಿಸಿದ ಕೊಲ್ಲಿಯ ದಡದಲ್ಲಿ ಹಳೆಯ ಹಡಗುಕಟ್ಟೆ ಇತ್ತು. ಅಲ್ಲಿಯ ಮಣ್ಣಿನಲ್ಲಿ ಡಯಾಕ್ಸಿನ್ ಎಂಬ ವಿಷ ಸೇರಿತ್ತು. ಅದನ್ನು ತೆಗೆದು ಶುದ್ಧ ಮಾಡಿಸಿದ್ದು ಸರ್ಕಾರ, ಜನರ ಹಣದಲ್ಲಿ. ಯಾರೂ ನೆನೆಸದ ಜಾಗ ಅಗ್ಗಕ್ಕೆ ಸಿಗುವುದಕ್ಕೆ ಎಷ್ಟೋ ಸಲ ಇಂಥ ಕಾರಣ ಇರುತ್ತದೆ. ಹಳೆಯ ಕಾರ್ಖಾನೆ, ಗಣಿ, ಕಸದ ಗುಡ್ಡೆ ಇದ್ದ ಕಡೆ ಮಣ್ಣಿನ ಪರೀಕ್ಷೆಯ ವರದಿ ಎಲ್ಲಿದೆ ಎಂದು ಮೊದಲ ದಿನವೇ ಕೇಳಬೇಕು.

ಮೂರನೆಯದು ಹಣ. ಬೋರ್ಡಿನ ಮೇಲಿನ ಹೆಸರು ಬೇರೆ, ಹಣ ಹಾಕುವವರು ಬೇರೆ. ಟೋಕಿಯೊದ ಪಾರ್ಕ್ ಡಿಸ್ನಿಯದಲ್ಲ. ಅದರ ಒಡೆತನ ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿಯದು, ಡಿಸ್ನಿಗೆ ರಾಯಲ್ಟಿ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಅಬುಧಾಬಿಯ ಯಾಸ್ ದ್ವೀಪಕ್ಕೆ ಡಿಸ್ನಿ ಪಾರ್ಕ್ ಬರುತ್ತದೆ ಎಂದಾಗ ಬಹಳ ಜನ ಬೆರಗಾದರು. ಅಷ್ಟು ಬಿಸಿಲಿನಲ್ಲಾ ಎಂದರು. ಅಲ್ಲೂ ಕಟ್ಟುವುದು, ನಡೆಸುವುದು ಮಿರಾಲ್ ಎಂಬ ಅಲ್ಲಿಯದೇ ಕಂಪನಿ. ಬಿಸಿಲಿನ ಮಾತಿಗೆ ಉತ್ತರವೂ ಅದೇ ದ್ವೀಪದಲ್ಲಿ ಇತ್ತು. 2010ರಲ್ಲಿ ತೆರೆದ ಫೆರಾರಿ ವರ್ಲ್ಡ್‌ನ ಬಹುಭಾಗ ಒಂದೇ ದೊಡ್ಡ ಚಾವಣಿಯ ಕೆಳಗಿದೆ. ಪ್ಯಾರಿಸ್ ಹತ್ತಿರದ ಮಾರ್ನ್ ಲಾ ವಲ್ಲೇ ಬೀಟ್ ಬೆಳೆಯುವ ಹೊಲವಾಗಿತ್ತು. ಅಲ್ಲಿಗೆ ರೈಲು ಎಳೆದು ತಂದದ್ದು ಫ್ರಾನ್ಸಿನ ಸಾರ್ವಜನಿಕ ವ್ಯವಸ್ಥೆ. 1992ರಲ್ಲಿ ಅಲ್ಲಿಯ ಡಿಸ್ನಿ ಪಾರ್ಕಿನ ಜೊತೆಗೇ ನಗರ ರೈಲು ಬಂತು, 1994ರಲ್ಲಿ ಅತಿವೇಗದ ರೈಲು. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಆ ರೈಲು ಉಳಿದವರಿಗೂ ಆಯಿತು. ಆದರೆ ಯಾರ ಹಣದಲ್ಲಿ ಏನು ಬರುತ್ತದೆ ಎಂಬುದು ಮೊದಲೇ ಜನರಿಗೆ ಗೊತ್ತಿರಬೇಕು.

ನಾಲ್ಕನೆಯದು ಅಲ್ಲಿ ಇರುವವರ ಮಾತು. 1993ರ ನವೆಂಬರ್‌ನಲ್ಲಿ ಡಿಸ್ನಿ ಕಂಪನಿ ಅಮೆರಿಕದ ವರ್ಜೀನಿಯಾದ ಹೇಮಾರ್ಕೆಟ್ ಬಳಿ ಇತಿಹಾಸದ ಥೀಮ್ ಪಾರ್ಕ್ ಕಟ್ಟುವುದಾಗಿ ಹೇಳಿತು. ವಾಷಿಂಗ್ಟನ್ ಹತ್ತಿರ, ಹೆದ್ದಾರಿ ಪಕ್ಕ, ರಾಜ್ಯ ಸರ್ಕಾರದ ಬೆಂಬಲ, ಎಲ್ಲ ಇತ್ತು. ಆದರೆ ಕೆಲವೇ ಮೈಲಿ ದೂರದಲ್ಲಿ ಅಂತರ್ಯುದ್ಧದ ಮನಾಸಸ್ ರಣಭೂಮಿ. ಸಾವಿರಾರು ಜನ ಸತ್ತ ಆ ನೆಲದ ಪಕ್ಕ ಮೋಜಿನ ಪಾರ್ಕ್ ಬೇಡ ಎಂದು ಸುತ್ತಲಿನವರು, ಡೇವಿಡ್ ಮೆಕಲಫ್ ಅವರಂಥ ಇತಿಹಾಸಕಾರರು ಎದ್ದು ನಿಂತರು. 1994ರ ಸೆಪ್ಟೆಂಬರ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಒಂದು ವರ್ಷವೂ ತುಂಬಿರಲಿಲ್ಲ.

ಬೀಜಿಂಗ್ ಹೊರವಲಯದ ವಂಡರ್‌ಲ್ಯಾಂಡ್ ಪಾರ್ಕಿನದು ಇನ್ನೊಂದು ಬಗೆ. ಅರ್ಧ ಕಟ್ಟಿದ ಮೇಲೆ 1998ರಲ್ಲಿ ಕೆಲಸ ನಿಂತಿತು. ಜಮೀನಿನ ಬೆಲೆಯ ಜಗಳ ಬಗೆಹರಿಯಲಿಲ್ಲ. ಕೋಟೆಯ ಕಬ್ಬಿಣದ ಹಂದರ ಹಾಗೇ ನಿಂತಿತ್ತು. ರೈತರು ಅದರ ಬುಡದಲ್ಲೇ ಮತ್ತೆ ಜೋಳ ಬಿತ್ತತೊಡಗಿದರು. 2013ರಲ್ಲಿ ಎಲ್ಲ ಕೆಡವಿದರು. ಅಮೆರಿಕದ ಒಕ್ಲಹಾಮಾದ ವಿನೀಟಾ ಎಂಬ ಸಣ್ಣ ಊರಿಗೆ 200 ಕೋಟಿ ಡಾಲರಿನ ಪಾರ್ಕ್ ಬರುತ್ತದೆ ಎಂದು 2023ರಲ್ಲಿ ಹೇಳಿದರು. 2026ಕ್ಕೆ ತೆರೆಯುತ್ತೇವೆ ಎಂದಿದ್ದರು. ಕೆಲಸ ಹಿಂದೆ ಬಿತ್ತು. ಅಂಥ ಊರಿನಲ್ಲಿ ಅಂಗಡಿ ಹಾಕಲು ಸಾಲ ಮಾಡಿದವರ, ಜಮೀನು ಮಾರಲೋ ಇಟ್ಟುಕೊಳ್ಳಲೋ ಎಂದು ತಳಮಳಿಸುವವರ ಪಾಡು ಏನು?

ನನ್ನ ಕಳಕಳಿ ಇಲ್ಲಿದೆ, ಸಂಪಾದಕರೇ. ದೂರದಲ್ಲಿ ಕುಳಿತು ಓದುವವರಿಗೆ ಇದೊಂದು ಕುತೂಹಲದ ಸುದ್ದಿ. ಬಂದರೆ ನೋಡೋಣ, ಬಾರದಿದ್ದರೆ ಬಿಡೋಣ. ಆದರೆ ಹೆಸರು ಬಂದ ಜಾಗದಲ್ಲಿ ಆ ವಾರವೇ ದಲ್ಲಾಳಿಗಳು ಮನೆ ಬಾಗಿಲಿಗೆ ಬರುತ್ತಾರೆ. ಈಗಲೇ ಮಾರಿ, ಆಮೇಲೆ ಸರ್ಕಾರ ಕಿತ್ತುಕೊಳ್ಳುತ್ತದೆ ಎನ್ನುತ್ತಾರೆ. ಪಕ್ಕದವರಿಗೆ ಇದಕ್ಕೆ ತಿರುಗುಮುರುಗಾದ ಕತೆ ಹೇಳುತ್ತಾರೆ. ಹಳೆಯ ರಸ್ತೆ ಯೋಜನೆಗಳಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಕ್ಷೆಯಲ್ಲಿ ಒಂದು ಗೆರೆ ಹೊರಗೆ ಸೋರಿದರೆ ಸಾಕು, ಗೆರೆ ಎಲ್ಲಿ ಹೋಗುತ್ತದೆ ಎಂದು ತಿಳಿದವರು ಕೊಳ್ಳುತ್ತಾರೆ, ತಿಳಿಯದವರು ಮಾರುತ್ತಾರೆ. ಆ ಜಾಗ ಯಾವ ಲೆಕ್ಕಕ್ಕೂ ಇಲ್ಲ ಎಂದು ಓದುಗರೂ ಪತ್ರಿಕೆಯೂ ತಳ್ಳಿಹಾಕಿದರೆ, ಅಗ್ಗಕ್ಕೆ ಕೊಳ್ಳಲು ಬಂದವರಿಗೆ ಅದಕ್ಕಿಂತ ಒಳ್ಳೆಯ ಸಹಾಯ ಬೇರೆ ಇಲ್ಲ. ಒರ್ಲ್ಯಾಂಡೊದಲ್ಲಿ ಎಕರೆಗೆ ಇನ್ನೂರು ಡಾಲರ್ ಕೂಡ ಪಡೆಯದೆ ಮಾರಿದವರು ದಡ್ಡರಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಮತ್ತೆ ಬಂದಾಗ ರೈಡಿನ ಬಣ್ಣದ ಚಿತ್ರದ ಜೊತೆಗೆ ಇನ್ನೂ ಕೆಲವನ್ನು ಹಾಕಿ. ಆ ಸುತ್ತಿನಲ್ಲಿ ಇತ್ತೀಚೆಗೆ ದೊಡ್ಡ ಜಮೀನುಗಳನ್ನು ಯಾರು ಕೊಂಡಿದ್ದಾರೆ, ಆ ಕಂಪನಿಗಳು ಎಂದು ನೋಂದಣಿಯಾದವು, ಅವುಗಳ ವಿಳಾಸ ಒಂದೇ ಇದೆಯೇ ಎಂದು ನಿಮ್ಮ ವರದಿಗಾರರು ದಾಖಲೆ ನೋಡಿ ಬರೆಯಲಿ. ರಸ್ತೆ ಅಗಲ ಮಾಡುವ, ವಿದ್ಯುತ್ ಕೇಂದ್ರ ಹಾಕುವ, ನೀರಿನ ಪೈಪ್ ಎಳೆಯುವ ಟೆಂಡರ್‌ಗಳು ಯಾವ ಕಡೆಗೆ ಹೊರಟಿವೆ ನೋಡಲಿ. ಪಾರ್ಕಿನ ಘೋಷಣೆಗೆ ಮೊದಲೇ ಇವು ಹೊರಡುತ್ತವೆ, ಯಾಕೆಂದರೆ ಇವಕ್ಕೆ ವರ್ಷಗಳು ಬೇಕು. ಅಲ್ಲಿಯ ನೆಲದ ಮಟ್ಟದ ನಕ್ಷೆ, ಹಳ್ಳಕೊಳ್ಳಗಳ ನಕ್ಷೆ ಕೂಡ ಒಂದು ಮೂಲೆಯಲ್ಲಿ ಇರಲಿ. ಓದುಗರು ತಾವೇ ನೋಡಿಕೊಳ್ಳುತ್ತಾರೆ. ಮತ್ತು ಅಲ್ಲಿ ಬದುಕುವವರ ಮಾತನ್ನು ಸುದ್ದಿಯ ಕೊನೆಯ ಸಾಲಿನಲ್ಲಿ ಹಾಕಬೇಡಿ, ಮೊದಲಿಗೆ ಹಾಕಿ.

ನಕ್ಷೆ ಓದಲು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಸಹಾಯ ಬೇಕಿದ್ದರೆ ನಾನು ಬಂದು ಕೂರಲು ಸಿದ್ಧ. ಹಣ ಏನೂ ಬೇಡ. ಎತ್ತರದ ಗೆರೆಗಳಿರುವ ನಕ್ಷೆಯ ಪ್ರತಿ ಒಂದನ್ನು ತರಿಸಿಡಿ, ಉಳಿದದ್ದನ್ನು ಹೇಳಿಕೊಡುತ್ತೇನೆ.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ನಿವೃತ್ತ ಸಿವಿಲ್ ಇಂಜಿನಿಯರ್